ಹೆಗಲ ಮೇಲಿನ ಬೆರಳುಗಳು

ಗಿರಿಜಕ್ಕ, ನಿಮ್ಮ ಮಗಳ ಮದುವೆಯ ಫೋಟೋದಿಂದ ನಿಮ್ಮನ್ನು ಅಳಿಸಿದವನು ನಾನೇ. ನೀವು ಕೇಳಿದಾಗ ಸುಳ್ಳು ಹೇಳಿದೆ — ವರ್ಷಗಳೇ ಕಳೆದವು, ಆ ಸುಳ್ಳು ಹಾಗೇ ಇದೆ.

ಆಗ ಸಂತೇಬೆನ್ನೂರಿನಲ್ಲಿ ಸ್ಟುಡಿಯೋ ಇಟ್ಟಿದ್ದೆ. ಕ್ಯಾಮೆರಾ ಗೊತ್ತು, ಕಂಪ್ಯೂಟರ್ ಬಾರದು. ಮೊಬೈಲಿನಲ್ಲಿ ಪಾಠದ ವಿಡಿಯೋ ನೋಡುತ್ತ ಫೋಟೋ ತಿದ್ದುವುದನ್ನು ಕಲಿಯುತ್ತಿದ್ದೆ. ಹೇಳಿಕೊಡುವವನ ವೇಗಕ್ಕೆ ಮೌಸ್ ಎತ್ತಿ ಗೋಡೆಗೆ ಒಗೆಯಬೇಕು ಅನ್ನಿಸುತ್ತಿತ್ತು. ಫೋಲ್ಡರ್‌ಗಳಿಗೆ ಇಟ್ಟ ಹೆಸರುಗಳಾದರೂ ಎಂಥವು — ‘ಹೊಸದು’, ‘ಹೊಸದು ಎರಡು’, ‘ಕೊನೆಯದು’, ‘ಇದೇ ಕೊನೆಯದು’. ಯಾವುದರಲ್ಲಿ ಏನಿದೆ ಎಂದು ನನಗೇ ತಿಳಿಯುತ್ತಿರಲಿಲ್ಲ.

ಆಲ್ಬಮ್ಮಿಗೆ ಫೋಟೋ ಆರಿಸಲು ಬಂದ ನಿಮ್ಮ ಮೈದುನ ಒಂದನ್ನು ನೋಡಿ ಮುಖ ಗಂಟಿಕ್ಕಿದರು. ತಾಳಿ ಕಟ್ಟಿದ ಮೇಲಿನ ಫೋಟೋ. ಮಗಳ ಹಿಂದೆ, ಅವಳ ಹೆಗಲ ಮೇಲೆ ಕೈಯಿಟ್ಟು ನೀವು ನಿಂತಿದ್ದಿರಿ.

“ಗಂಡ ಇಲ್ಲದಾಕಿ ಇದ್ರಾಗೆ ಯಾಕೆ ಬೇಕ್ರೀ? ತೆಗೆಯಾಕೆ ಬರ್ತೈತಲ್ಲ?”

ಬರಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಅದೆಂಥ ಕೆಲಸ ಎಂದು ಆಗ ಹೊಳೆಯಲಿಲ್ಲ — ಅಲ್ಲ, ಹೊಳೆದಿತ್ತು. ಆದರೂ ಕಲಿತದ್ದನ್ನು ತೋರಿಸುವ ಹುಮ್ಮಸ್ಸು. ಇಡೀ ಮಧ್ಯಾಹ್ನ ಕೂತೆ. ನಿಮ್ಮ ಮುಖ ಹೋಯಿತು, ಸೀರೆ ಹೋಯಿತು. ಹೆಗಲ ಮೇಲಿನ ಬೆರಳುಗಳು ಮಾತ್ರ — ಉಜ್ಜಿದಷ್ಟೂ ಮಗಳ ಸೀರೆಯೇ ಕಿತ್ತುಬರುತ್ತಿತ್ತು. ತಲೆ ಕೆಟ್ಟು, ಅವುಗಳ ಮೇಲೆ ಜರಿಯ ಬಣ್ಣ ಸವರಿ ಸೇವ್ ಒತ್ತಿದೆ. ಹಳೆಯ ಫೋಟೋದ ಜಾಗದಲ್ಲೇ ಹೊಸದು ಕೂತಿತು. ಬೇರೆ ಹೆಸರಿನಲ್ಲಿ ಉಳಿಸಬೇಕು ಎಂಬುದು ಮುಂದಿನ ಪಾಠದಲ್ಲಿತ್ತು. ಕ್ಯಾಮೆರಾದ ಕಾರ್ಡನ್ನು ಅಷ್ಟರಲ್ಲಾಗಲೇ ಇನ್ನೊಂದು ಮದುವೆಗೆಂದು ಖಾಲಿ ಮಾಡಿದ್ದೆ.

ಆಲ್ಬಮ್ ಒಯ್ಯಲು ಸಾಸ್ವೆಹಳ್ಳಿಯಿಂದ ನೀವೇ ಬಂದಿರಿ. ಆ ಪುಟ ಬಂದಾಗ ನಿಮ್ಮ ಕೈ ನಿಂತಿತು.

“ನಾನೂ ಅಲ್ಲೇ ಇದ್ನಲ್ಲಪ್ಪಾ, ಎಲ್ಲೂ ಕಾಣಾಕಿಲ್ಲಲ್ಲ.”

“ನೀವು ಫ್ರೇಮಿನಿಂದ ಆಚೆ ಇದ್ರಿ ಅಕ್ಕಾ.”

“ಹಂಗೇ ಇರ್ಬೇಕು ಬಿಡು. ಗಡಿಬಿಡಿಯಾಗೆ ನಾನೇ ಹಿಂದೆ ಸರಿದಿರ್ಬೇಕು.”

ನನ್ನ ತಪ್ಪನ್ನು ನಿಮ್ಮದೆಂದುಕೊಂಡು ಬಸ್ಸು ಹತ್ತಿದಿರಿ. ನಾನು ನೋಡುತ್ತ ನಿಂತೆ.

ಈಗ ಫೋಟೋ ತಿದ್ದುವುದನ್ನು ಬೇರೆಯವರಿಗೆ ಕಲಿಸುತ್ತೇನೆ. ಮೂಲ ಫೋಟೋ ಮುಟ್ಟಬೇಡಿ ಎಂದು ಮೊದಲ ದಿನವೇ ಗದರುತ್ತೇನೆ — ಸಿಟ್ಟೆಲ್ಲ ನನ್ನ ಮೇಲೆಯೇ. ಆ ದರಿದ್ರ ಫೋಲ್ಡರ್‌ಗಳನ್ನು ಎಷ್ಟು ಸಲ ಜಾಲಾಡಿದೆನೋ. ನಿಮ್ಮ ಮುಖ ಸಿಗಲಿಲ್ಲ.

ಈ ಭಾನುವಾರ ಸಾಸ್ವೆಹಳ್ಳಿಗೆ ಬರುತ್ತೇನೆ. ಕ್ಷಮೆ ಕೇಳಲು ಅಲ್ಲ. ಆಲ್ಬಮ್ ತೆಗೆದಿಡಿ. ಮಗಳ ಹೆಗಲ ಮೇಲೆ ಜರಿಯ ಮಡಿಕೆಯಂತೆ ಕಾಣುವುದು ಮಡಿಕೆಯಲ್ಲ, ನಿಮ್ಮ ಬೆರಳುಗಳು. ನೀವು ಹಿಂದೆ ಸರಿದಿರಲಿಲ್ಲ ಅಕ್ಕ, ಅವಳನ್ನು ಹಿಡಿದುಕೊಂಡೇ ನಿಂತಿದ್ದಿರಿ.