ಡಬಲ್ ಸ್ಟ್ಯಾಂಡ್ ಇಲ್ಲದ ಗಾಡಿ

ಹೋದ ವಾರ ಶಿವು ಅಂಗಳದಲ್ಲಿ ಒಂದು ಗೋಣಿಚೀಲ ಬಿಚ್ಚಿದ. ತುಕ್ಕು, ಹಳೇ ಗ್ರೀಸು, ಅದಕ್ಕೆ ಮೆತ್ತಿಕೊಂಡ ಮಣ್ಣು, ಎಲ್ಲ ಸೇರಿದ ವಾಸನೆ ಪಡಸಾಲೆಯವರೆಗೂ ಬಂತು. ನಾನು ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಚೀಲದಲ್ಲಿ ಏನಿದೆಯೆಂದು ನೋಡದೆಯೇ ಗೊತ್ತಾಯಿತು.

"ಡಬಲ್ ಸ್ಟ್ಯಾಂಡಾ?" ಎಂದೆ.

"ಅಜ್ಜಿ, ನಿಂಗೆ ಹೆಂಗೆ ಗೊತ್ತು?" ಎಂದು ಶಿವು ನಕ್ಕ. ಅವನ ತಂಗಿ ಚೈತ್ರಾನೂ ನಕ್ಕಳು. ನಾನು ಅವರೆಕಾಯಿಯ ಕಡೆ ತಿರುಗಿದೆ.

ಮಕ್ಕಳೇ, ಅವತ್ತು ಕೊಡದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ನನಗೆ ಮೊದಲಿನಿಂದಲೂ ಬಾಯಿ ಕಡಿಮೆ. ಊರ ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದಾಗ ಹಾಜರ್ ಎನ್ನಲು ನಾಚಿಕೊಂಡು, ಎದುರಿಗೇ ಕೂತಿದ್ದೂ ಎಷ್ಟೋ ದಿನ ಗೈರುಹಾಜರಿ ಹಾಕಿಸಿಕೊಂಡವಳು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದಾಗ ಮೇಷ್ಟ್ರಿಗೆ ನಾನು ಬಿಟ್ಟದ್ದು ಗೊತ್ತಾಯಿತೋ ಇಲ್ಲವೋ.

ಶಿವು ತಂದಿರುವುದು ದೂರದ ಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಬೈಕು. ಕುದಾಪುರದ ಕಡೆ ಕೆಲಸಕ್ಕಿದ್ದವರು ಯಾರೋ ಊರು ಬಿಡುವಾಗ ಮಾರಿದ್ದಂತೆ. ಅವರು ಭಾರವೆಂದು ಸ್ಟ್ಯಾಂಡು ಬಿಚ್ಚಿ ಚೀಲಕ್ಕೆ ಹಾಕಿಟ್ಟಿದ್ದರು. ನಿಮ್ಮ ತಾತನೂ ಹಾಗೇ ಮಾಡಿದ್ದರು.

ತಾತನ ಗಾಡಿಯ ಕಥೆಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಕೊಂಡ್ಲಹಳ್ಳಿಯಿಂದ ಚಳ್ಳಕೆರೆ ಸಂತೆಗೆ ಕಂಬಳಿ ಹೇರಿಕೊಂಡು ಹೋಗುತ್ತಿದ್ದದ್ದು, ದೇವಸಮುದ್ರದ ರಸ್ತೆಯಲ್ಲಿ ಕುರಿಮಂದೆಯ ನಡುವೆ ಕಾಲೂರದೆ ಗಾಡಿ ದಾಟಿಸಿದ್ದು. ಎಲ್ಲ ನಿಜವೇ. ಅವರು ಕುಡಿದವರಲ್ಲ, ಹೊಡೆದವರಲ್ಲ. ಒಳ್ಳೆಯವರು ಎಂದು ಊರೆಲ್ಲ ಹೇಳುತ್ತದೆ. ಊರಿನವರು ಯಾರೂ ಆ ಗಾಡಿಯನ್ನು ಹಿಡಿದುಕೊಂಡು ನಿಂತಿರಲಿಲ್ಲ.

ಭಾರ ಹೇರಿದಾಗ ಡಬಲ್ ಸ್ಟ್ಯಾಂಡು ರಸ್ತೆಗೆ ಉಜ್ಜುತ್ತದೆಂದು ಅವರು ಅದನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿದರು. ಉಳಿದದ್ದು ಸೈಡ್ ಸ್ಟ್ಯಾಂಡು. ಅದರ ಮೇಲೆ ಗಾಡಿ ಓರೆಯಾಗಿ ನಿಲ್ಲುತ್ತದೆ. ಎರಡು ಕಡೆಗೂ ಕಂಬಳಿ ಮೂಟೆ ತೂಗಿದ್ದರೆ ನಿಲ್ಲುವುದೇ ಇಲ್ಲ, ಮಗುಚಿಕೊಳ್ಳುತ್ತದೆ. ಗೋಡೆಗೆ ಒರಗಿಸಿದರೆ ಬಣ್ಣ ಹೋಗುತ್ತದೆ. ಹಾಗಾಗಿ ಮೂಟೆ ಕಟ್ಟುವಾಗ, ಬಿಚ್ಚುವಾಗ, ನಡುವೆ ಎಲ್ಲಾದರೂ ನಿಲ್ಲಿಸಿದಾಗ ಒಬ್ಬರು ಹ್ಯಾಂಡಲ್ ಹಿಡಿದಿರಬೇಕಿತ್ತು. ನನ್ನನ್ನು ಸಂತೆಗೆ ಕರೆದುಕೊಂಡು ಹೋಗುತ್ತಿದ್ದದ್ದು ಅದಕ್ಕೆ. ಹೆಂಡತಿಯನ್ನು ಬಿಟ್ಟಿರಲಾರದ ಗಂಡ ಎಂದು ಓರಗಿತ್ತಿಯರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ನಾನು ಅವರ ಬೆನ್ನಿಗೂ ಮೂಟೆಗೂ ನಡುವೆ ಸಿಕ್ಕಿಕೊಂಡು, ಉಣ್ಣೆ ವಾಸನೆ ಕುಡಿಯುತ್ತ ಹೋಗುತ್ತಿದ್ದೆ.

ಚಳ್ಳಕೆರೆಯ ಸಂತೆಯಲ್ಲಿ ಗಂಡಸರ ನಡುವೆ ಗಾಡಿ ಹಿಡಿದು ನಿಲ್ಲುವುದೆಂದರೆ ನನ್ನಂಥವಳಿಗೆ ಏನೆಂದು ನೀವೇ ಯೋಚಿಸಿ. ಯಾರ ಮುಖವನ್ನೂ ನೋಡಲಾರದೆ ಪೆಟ್ರೋಲ್ ಟ್ಯಾಂಕನ್ನೇ ನೋಡುತ್ತಿದ್ದೆ. ಅದರಲ್ಲಿ ನನ್ನ ಮುಖ ಕುಂಬಳಕಾಯಿಯಷ್ಟು ಅಗಲವಾಗಿ ಕಾಣುತ್ತಿತ್ತು. "ಏನಮ್ಮಾ, ನೀನು ಗಾಡಿ ಹಿಡ್ಕಂಡಿದೀಯೋ, ಗಾಡೀನೇ ನಿನ್ನ ಹಿಡ್ಕಂಡೈತೋ?" ಎಂದು ಹಗ್ಗ ಮಾರುವವನೊಬ್ಬ ಕೇಳಿದ್ದ. ಸುತ್ತಲಿನವರು ನಕ್ಕರು. ಚಹಾ ಮುಗಿಸಿ ಬಂದ ನಿಮ್ಮ ತಾತನೂ ನಕ್ಕರು.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ.

ನನ್ನ ತವರು ಮೊಳಕಾಲ್ಮೂರು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ. ಅವ್ವ ಕೆಮ್ಮಿನಿಂದ ಹಾಸಿಗೆ ಹಿಡಿದಿದ್ದಾಳೆಂದು ಸುದ್ದಿ ಬಂದಿತ್ತು. ಮೊಳಕಾಲ್ಮೂರಿಗೆ ಮೂಟೆ ಹಾಕುವ ದಿನ ಅವ್ವನನ್ನೂ ನೋಡಿ ಬರೋಣವೆಂದು ನಿಮ್ಮ ತಾತ ಒಪ್ಪಿದ್ದರು. ಬಸ್‌ಸ್ಟ್ಯಾಂಡಿನ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, ಐದು ನಿಮಿಷ ಹಿಡಿದಿರು, ಚಹಾ ಕುಡಿದು ಬರ್ತೀನಿ ಎಂದು ಒಳಗೆ ಹೋದರು. ಒಳಗೆ ಪರಿಚಯದ ವ್ಯಾಪಾರಿಯೊಬ್ಬರು ಸಿಕ್ಕರು. ನನ್ನ ಮೇಲಿದ್ದ ನೆರಳು ಸರಿದು ಪಕ್ಕದ ಅಂಗಡಿಗೆ ಹೋಯಿತು. ನಿಮ್ಮ ತಾತ ಬರಲಿಲ್ಲ.

ನಾನು ನಿಂತಿರುವುದನ್ನು ಯಾರೋ ಮನೆಗೆ ಹೇಳಿದ್ದಾರೆ. ಅವ್ವ ಗೋಡೆ ಹಿಡಿದು ಹಿಡಿದು ಓಣಿಯಿಂದ ಬಂದಳು. ಸೆರಗಿನ ಮರೆಯಲ್ಲಿ ಒಂದು ಲೋಟ ಮಜ್ಜಿಗೆ. ತೆಗೆದುಕೊಳ್ಳಲು ನನಗೆ ಕೈಯಿರಲಿಲ್ಲ. ಒಂದು ಕೈ ಬಿಟ್ಟರೆ ಹ್ಯಾಂಡಲ್ ತಿರುಗಿ ಮೂಟೆ ಸಮೇತ ಬೀಳುತ್ತಿತ್ತು. ಅವ್ವ ಲೋಟವನ್ನು ನನ್ನ ಬಾಯಿಗೇ ಹಿಡಿದಳು, ಬಸ್ಸಿಗೆ ಕಾಯುವ ಜನರೆಲ್ಲ ನೋಡುತ್ತಿದ್ದಂತೆ. ಗದ್ದದ ಮೇಲೆ ಇಳಿದದ್ದನ್ನು ಸೆರಗಿನಿಂದ ಒರೆಸಿದಳು.

"ಮನೆ ಇಲ್ಲೇ ಐತಲ್ಲೇ ತಾಯಿ. ಬಾ."

"ಗಾಡಿ ಬೀಳ್ತೈತವ್ವ."

"ಬೀಳ್ಲಿ ಬಿಡು."

ಯಾರ ಮಾತನ್ನಾದರೂ ಮೀರು ಎಂದು ಅವ್ವ ನನಗೆ ಹೇಳಿದ್ದು ಅದೊಂದೇ ಸಲ. ನಾನು ಬಿಡಲಿಲ್ಲ. ಅವಳಿಗೆ ಕೆಮ್ಮು ಹತ್ತಿತು, ಗಾಡಿಯ ಕನ್ನಡಿ ಹಿಡಿದು ಬಗ್ಗಿ ಕೆಮ್ಮಿದಳು. ಬೆನ್ನು ನೀವಲು ನನ್ನಿಂದಾಗಲಿಲ್ಲ. ಅಷ್ಟರಲ್ಲಿ ನಿಮ್ಮ ತಾತ ಬಾಯಿ ಒರೆಸಿಕೊಳ್ಳುತ್ತ ಬಂದರು. "ಓ, ಅತ್ತೆನೇ ಇಲ್ಲಿಗೆ ಬಂದ್ರಲ್ಲ, ಒಳ್ಳೇದಾತು. ಮಾತಾಡ್ಕಂಡ್ರಲ್ಲ? ಹೊತ್ತಾತು, ಹತ್ತು" ಎಂದರು.

ಹತ್ತಿದೆ. ಮುಂದಿನ ಸಲ ಮೊಳಕಾಲ್ಮೂರಿಗೆ ಹೋದದ್ದು ಅವ್ವನ ಮಣ್ಣಿಗೆ.

ತಿಥಿ ಮುಗಿದ ಮೇಲೆ ಒಂದು ಸಲ, ಒಂದೇ ಸಲ, ಆ ಸ್ಟ್ಯಾಂಡು ಹಾಕಿಸ್ರಿ ಎಂದು ಕೇಳಿದೆ. ಅದು ಇಡೀ ದಿನದ ಕೆಲಸ, ಹಾಕಿಸಿದರೂ ಅದನ್ನು ಎಳೆದು ನಿಲ್ಲಿಸಲು ಗಂಡಸಿನ ರಟ್ಟೆ ಬೇಕು ಎಂದರು. "ಅಲ್ದೆ, ನೀನಿದೀಯಲ್ಲ" ಎಂದರು. ಗಂಡಸಿನ ರಟ್ಟೆಯೇ ಬೇಕೆಂಬುದನ್ನು ನಾನು ನಂಬಿದೆ. ಗಾಡಿ ಗುಜರಿಗೆ ಹೋಗುವವರೆಗೂ ಹಿಡಿದು ನಿಂತೆ.

ಈಗ ಹೋದ ವಾರದ ಮಾತು. ಶಿವು ನೆಲದ ಮೇಲೆ ಮಲಗಿ ಸ್ಟ್ಯಾಂಡನ್ನು ಗಾಡಿಯ ಹೊಟ್ಟೆಗೆ ಕೂರಿಸುತ್ತಿದ್ದ. ಚೈತ್ರ ಹ್ಯಾಂಡಲ್ ಹಿಡಿದು ನಿಂತಿದ್ದಳು. ನನಗೆ ಅವಳ ಕೈಗಳನ್ನು ನೋಡಲಾಗಲಿಲ್ಲ. ನಡುವೆ ಶಿವುಗೆ ಫೋನ್ ಬಂತು. ಎದ್ದು ಬೇವಿನ ಮರದ ಕಡೆ ಹೋಗಿ ನಗುತ್ತ ಮಾತಾಡತೊಡಗಿದ. ಚೈತ್ರ ಸ್ವಲ್ಪ ಹೊತ್ತು ನೋಡಿದಳು.

"ಲೇ ಶಿವು, ಬರ್ತೀಯೋ, ಬಿಡ್ಲೋ?"

ಓಡಿ ಬಂದ. ಬಿಟ್ಟುಗಿಟ್ಟೀಯ ಮಾರಾಯ್ತಿ ಎಂದು ಬೇಡಿಕೊಂಡ. ಅಷ್ಟೇ ಮಾತು. ಅವಳು ಅದನ್ನು ಹೇಳಿ ಆಗಲೇ ಮರೆತೂಬಿಟ್ಟಿದ್ದಳು.

ಬೋಲ್ಟು ಬಿಗಿಯಾಯಿತು. ಸ್ಪ್ರಿಂಗಿಗೆ ಹಗ್ಗ ಹಾಕಿ ಅಣ್ಣ ತಂಗಿ ಎಳೆದರು, ಟಕ್ ಎಂದು ಕೊಕ್ಕೆಗೆ ಬಿತ್ತು. ನನ್ನ ಮೊರದಲ್ಲಿ ಅವರೆಕಾಯಿ ಇನ್ನೂ ಅರ್ಧ ಉಳಿದಿತ್ತು.

"ಅಜ್ಜಿ, ಬಾ, ನೀನೇ ಮೊದಲು ಹಾಕು" ಎಂದು ಶಿವು ಕೈ ಹಿಡಿದು ಎಬ್ಬಿಸಿದ. ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ಸೀಟಿನ ಹಿಂದಿನ ಕಂಬಿಯ ಮೇಲೆ ಇಡಿಸಿದ. ಎಳೆಯಬೇಡ, ಕಾಲಿಟ್ಟು ಸ್ಟ್ಯಾಂಡಿನ ಮೇಲೆ ನಿಂತುಕೋ, ನಿನ್ನ ಭಾರ ಸಾಕು ಎಂದ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಮತ್ತೆ ಗಾಡಿ ಹಿಡಿದು, ಕಾಲಿಟ್ಟು ನಿಂತೆ. ಅಷ್ಟು ದೊಡ್ಡ ಗಾಡಿ ಹಿಂದಕ್ಕೆ ಸರಿದು, ಮೇಲೆದ್ದು ನಿಂತಿತು. ಹಿಂದಿನ ಚಕ್ರ ನೆಲ ಬಿಟ್ಟು ಮೆಲ್ಲಗೆ ತಿರುಗುತ್ತಿತ್ತು.

"ಇಷ್ಟೇನಾ?" ಎಂದೆ.

"ಇಷ್ಟೇ ಅಜ್ಜಿ" ಎಂದ ಶಿವು. ತನ್ನ ಕೆಲಸವನ್ನು ಹೊಗಳಿದೆನೆಂದು ಅವನ ಮುಖ ಅರಳಿತು. ಅವನ ಖುಷಿಯನ್ನು ಯಾಕೆ ಕೆಡಿಸಲಿ? ಎರಡೂ ಕೈ ಬಿಟ್ಟೆ. ಗಾಡಿ ಬೀಳಲಿಲ್ಲ.

ಒಳಗೆ ಹೋಗಿ ಗ್ರೀಸು ತೊಳೆದುಕೊಂಡು, ಒಂದು ಲೋಟ ಮಜ್ಜಿಗೆ ಬಗ್ಗಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ಕುಡಿದೆ. ಸಂಜೆ ದೀಪ ಹಚ್ಚಿದ ಮೇಲೆ ಚೈತ್ರ ಬಂದು, ತಾತನ ಫೋಟೋಗೆ ಇವತ್ತು ಹೂವಿಲ್ಲವಲ್ಲ ಅಜ್ಜಿ ಎಂದು ಕೇಳಿದಳು. ಮರೆತೆ ಎಂದೆ.

ಮರೆತಿರಲಿಲ್ಲ.