ಅಮ್ಮ ತುಳಿದ ಬ್ರೇಕು

ಉಡುಮಲೈಪೇಟೆ ರಸ್ತೆಯಲ್ಲಿ ನಮ್ಮ ಪುಟ್ಟ ಕಾರಿಗೆ ಹಸುವೊಂದು ಅಡ್ಡ ಬಂದ ದಿನದಿಂದ ಅಮ್ಮ ಅದರಲ್ಲಿ ಕೂರುವುದನ್ನೇ ಬಿಟ್ಟಳು. ಹಸುವಿಗೂ ಬಂಪರಿಗೂ ಗೇಣು ಜಾಗ ಉಳಿದಿತ್ತು. ಯಾರ ಕೂದಲೂ ಕೊಂಕಲಿಲ್ಲವಲ್ಲ ಎಂದು ಎಷ್ಟು ಹೇಳಿದರೂ ಕೇಳದೆ, ಪೊಳ್ಳಾಚಿಯಲ್ಲಿರುವ ತನ್ನ ತಂಗಿಯ ಮನೆಗೆ ನೋಯುವ ಮಂಡಿಯಲ್ಲೇ ಬಸ್ಸು ಹತ್ತಿ ಹೋಗತೊಡಗಿದಳು. ಮನೆಮುಂದೆ ಕಾರಿಟ್ಟುಕೊಂಡವನಿಗೆ ಅದಕ್ಕಿಂತ ಅವಮಾನ ಬೇಕೇ? ತಪ್ಪು ಬ್ರೇಕಿನದೇ ಎಂದು ತೀರ್ಮಾನಿಸಿದೆ. ಇದೇ ಕಾರಿನ ದೊಡ್ಡ ಮಾದರಿಗೆ ಹಾಕುವ ಅಗಲದ ಬ್ರೇಕ್ ಡಿಸ್ಕು, ಅದನ್ನು ಅಮುಕಿ ಹಿಡಿಯುವ ಕ್ಯಾಲಿಪರುಗಳನ್ನು ಕೊಯಮತ್ತೂರಿನ ಹಳೆ ಸಾಮಾನಿನ ಅಂಗಡಿಯಿಂದ ತಂದೆ. ಎಡದ್ದು ಯಾವುದು, ಬಲದ್ದು ಯಾವುದು ಎಂದು ಅಂಗಡಿಯವನೇ ಸೀಮೆಸುಣ್ಣದಲ್ಲಿ ಬರೆದುಕೊಟ್ಟಿದ್ದ.

ಭಾನುವಾರ ನಮ್ಮ ಮಗ್ಗದ ಶೆಡ್ಡಿನ ಮುಂದೆ ಕಾರನ್ನೆತ್ತಿ, ಮುಂದಿನ ಎರಡೂ ಚಕ್ರ ಕಳಚಿ, ಎಲ್ಲವನ್ನೂ ಕೂರಿಸಿದೆ. ಇನ್ನು ಬ್ರೇಕ್ ಎಣ್ಣೆಯ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದರೆ ಇನ್ನೊಬ್ಬರು ಕ್ಯಾಲಿಪರಿನ ತಿರುಪು ಸಡಿಲಿಸಿ ಗಾಳಿ ಹೊರಬಿಡಬೇಕು. ಅಮ್ಮನನ್ನು ಕರೆದೆ.

"ಗಾಲಿನೇ ಇಲ್ಲೆ, ಎಲ್ಲಿಗ್ ಓಡೀತು," ಎಂದು ಹತ್ತಿ ಕೂತಳು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಗುಂಡಿಮಗ್ಗದಲ್ಲಿ ಮೂವತ್ತು ವರ್ಷ ತುಳಿದ ಕಾಲು ಅವಳದು. ಒತ್ತು ಎಂದರೆ ಒತ್ತುತ್ತಿದ್ದಳು, ಬಿಡು ಎಂದರೆ ಬಿಡುತ್ತಿದ್ದಳು. ಆದರೆ ಪ್ರತಿ ಸಲವೂ "ಪಂಜಿ ತುಳ್ದಂಗೇ ಅದೆ" ಎಂಬ ಒಂದೇ ಮಾತು. ಪೆಡಲು ಹತ್ತಿಯ ಹಾಗೆ ಮೆತ್ತಗೇ ಇತ್ತು, ಗಾಳಿ ಹೋಗಿರಲಿಲ್ಲ. ಒಂದು ಡಬ್ಬಿ ಎಣ್ಣೆ ಖಾಲಿಯಾಯಿತು. ತಿರುಪು, ಪೈಪು, ವಾಷರು ಎಲ್ಲವನ್ನೂ ಮತ್ತೆ ನೋಡಿದೆ. ತಲೆಬುಡ ತಿಳಿಯಲಿಲ್ಲ. ಫೋನಿನಲ್ಲಿ ಮೂರು ವಿಡಿಯೋ ನೋಡಿದ ಮೇಲಂತೂ ಮೊದಲು ತಿಳಿದಿದ್ದೂ ಮರೆತುಹೋಯಿತು.

"ಸರಿ, ಎಡಗಡೇದು ಇನ್ನೊಂದ್ ದಪ ತೆಗಿತೀನಿ," ಎಂದು ಅವಳ ಬಾಗಿಲ ಪಕ್ಕದ ಚಕ್ರದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ಎಡಗಡೆ ಅಂತೀಯ, ನನ್ನ ಬಲಗೈ ಪಕ್ಕ ಕೂತಿದೀಯಲ್ಲೊ."

ನಮ್ಮ ಶೆಡ್ಡಿನಲ್ಲಿ ಎಡಬಲ ಎಂದರೆ ಮಗ್ಗಕ್ಕೆ ಎದುರಾಗಿ ನಿಂತವನ ಎಡಬಲ. ಕಾರಿಗೂ ಹಾಗೆಯೇ ಎದುರು ನಿಂತು ಜೋಡಿಸಿಬಿಟ್ಟಿದ್ದೆ. ಕಾರಿನವರ ಲೆಕ್ಕ ಒಳಗೆ ಕೂತವರದು. ಕ್ಯಾಲಿಪರುಗಳು ಅದಲುಬದಲಾಗಿ, ಮೇಲಿರಬೇಕಾದ ತಿರುಪು ಕೆಳಗೆ ಬಂದಿತ್ತು. ಗಾಳಿ ಮೇಲೇ ಉಳಿದಿತ್ತು. ಬದಲಿಸಿ ಹಾಕಿದೆ. ನಾಲ್ಕೇ ತುಳಿತಕ್ಕೆ ಅಮ್ಮ "ಗಟ್ಟಿಯಾಯ್ತು" ಎಂದಳು.

ಅಮ್ಮನನ್ನು ಇಳಿಸಿ, ಚಕ್ರ ಹಾಕಿ, ಒಬ್ಬನೇ ಬೀದಿ ಕೊನೆಯವರೆಗೆ ನಾಲ್ಕು ಸಲ ಓಡಿಸಿ ನಿಲ್ಲಿಸಿ ನೋಡಿದೆ. ಹಿಡಿದಲ್ಲೇ ನಿಂತಿತು. ವಾಪಸು ಬಂದು ಹತ್ತು ಎಂದು ಕರೆದರೆ ಅಮ್ಮ ಕದಲಲಿಲ್ಲ. ನನಗೆ ಮತ್ತೆ ಗೊಂದಲ, ಜೊತೆಗೆ ಸಿಟ್ಟು.

"ಬ್ರೇಕು ನೀನೇ ತುಳಿದು ನೋಡಿದೆಯಲ್ಲ, ಇನ್ನೇನು ಭಯ?"

"ಬ್ರೇಕು ಅವತ್ತೂ ಹಿಡೀತಲ್ಲಪ್ಪ. ಹಸ ದೂರದಿಂದ್ಲೇ ಬರ್ತಿತ್ತು. ನೀ ಫೋನ್ ನೋಡ್ತಿದ್ದೆ."

ಇಷ್ಟು ತಿಂಗಳು ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ, ನನಗೂ. ಅವಳು ಅಂಗೈ ಚಾಚಿದಳು. ಫೋನು ಕೊಟ್ಟೆ. ಅದನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು, ಕಾರಿನ ಹಿಂದಿನ ಸೀಟಿಗೆ ಹೋಗಿ ಕೂತಳು.