ನೀಲಿ ಮಣಿ ಕಟ್ಟಿದ ಪ್ಯಾನೆಲ್

ಲೂಕಿಯಾ ಯಾವ ಕಾರ್ಖಾನೆಗೆ ಹೋದರೂ ಅಲ್ಲಿ ಕಾಫಿ ಮುಟ್ಟುತ್ತಿರಲಿಲ್ಲ. ನಮ್ಮ ಸೈಪ್ರಸ್ಸಿನಲ್ಲಿ ಇದು ಬೈಗುಳಕ್ಕೆ ಸಮ. ತಾರಸಿಯ ಮೇಲೆ ನೀರು ಕಾಯಿಸುವ ಸೋಲಾರ್ ಪ್ಯಾನೆಲ್‌ಗಳನ್ನು ಪರೀಕ್ಷಿಸಿ ಗುಣಮಟ್ಟದ ಮುದ್ರೆ ಕೊಡುವ ಲ್ಯಾಬಿಗೆ ಅವಳು ಮುಖ್ಯಸ್ಥೆ, ನಾನು ನೀರಿನ ಪೈಪು ಹಿಡಿಯುವವನು. ಕಾಫಿ ಕುಡಿದ ಬಾಯಲ್ಲಿ ಕಹಿ ಮಾತು ಬರುವುದಿಲ್ಲ ಎನ್ನುತ್ತಿದ್ದಳು. ಅವಳ ದೆಸೆಯಿಂದ ನನಗೂ ಕಾಫಿ ಇಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ವರ್ಷ ಝೆನೋನನ ಕಾರ್ಖಾನೆಯ ಸರದಿ ಬಂತು. ಅವನ ಮಗಳು ಅಂಥೂಲಳಿಗೆ ಜ್ಞಾನಸ್ನಾನ ಮಾಡಿಸಿದ ಧರ್ಮತಾಯಿ, ಅಂದರೆ 'ನೂನಾ', ಲೂಕಿಯಾ. ಹಾಗಾಗಿ ಅವನಿಗೆ ಅವಳು 'ಕುಮೇರಾ', ರಕ್ತಸಂಬಂಧಕ್ಕಿಂತ ಒಂದು ತೂಕ ಹೆಚ್ಚು. ಬೇರೆಯವರನ್ನು ಕಳಿಸಿ ಎಂದೆ. ಈ ದ್ವೀಪದಲ್ಲಿ ಯಾರಿಗೆ ಯಾರು ನೆಂಟರಲ್ಲ ಎಂದು ನನ್ನನ್ನೇ ಕೇಳಿದಳು.

ಪರೀಕ್ಷೆಗೆ ಹೋಗುವ ಪ್ಯಾನೆಲನ್ನು ಮಾಡಿದವನು ಆರಿಸುವಂತಿಲ್ಲ, ನಾವೇ ಗೋದಾಮಿಗೆ ಹೋಗಿ ಆರಿಸಬೇಕು. ಬಾಗಿಲ ಬಳಿಯೇ ಒಂದು ಪ್ಯಾನೆಲ್ ಫಳಫಳ ಹೊಳೆಯುತ್ತಿತ್ತು. ದೃಷ್ಟಿಯಾಗದಂತೆ ಅದಕ್ಕೊಂದು ನೀಲಿ ಮಣಿ ಬೇರೆ. ಲೂಕಿಯಾ ತುಟಿ ಬಿಗಿದು ನೇರವಾಗಿ ಹಿಂದಿನ ಸಾಲಿಗೆ ನಡೆದು, ಧೂಳು ಹಿಡಿದ ಒಂದಕ್ಕೆ ಸೀಲು ಹಾಕಿದಳು.

ಲ್ಯಾಬಿನಲ್ಲಿ ಅದನ್ನು ನೀರು ತುಂಬಿಸದೆ ಬಿಸಿಲಿಗೆ ಒಡ್ಡಿ, ಚೆನ್ನಾಗಿ ಕಾದ ಮೇಲೆ ತಣ್ಣೀರು ಎರಚಿದೆವು. ಅಂಚಿನ ರಬ್ಬರ್ ಪಟ್ಟಿ ದಾಟಿ ಗಾಜಿನ ಒಳಗೆ, ಮೂಲೆಯಲ್ಲಿ ನೀರು ನಿಂತಿತು. ಮುದ್ರೆ ಸಿಗಲಿಲ್ಲ.

ಝೆನೋನ ಲ್ಯಾಬಿಗೇ ಬಂದ. ಹೊಸ ಆಳು ಮಾಡಿದ್ದನ್ನೇ ಹುಡುಕಿ ಆರಿಸಿದಳೆಂದು ಕೂಗಾಡಿದ. ಹೋಗುವಾಗ ಮಾತ್ರ ಮೆಲ್ಲಗೆ, "ಶತ್ರು ಕೂಡ ಹೀಗೆ ಮಾಡ್ತಿರ್ಲಿಲ್ಲ, ಕುಮೇರಾ," ಎಂದ.

ಈಸ್ಟರಿಗೆ ಅವರ ಮನೆಯಿಂದ ಬರುತ್ತಿದ್ದ ಗಿಣ್ಣಿನ ರೊಟ್ಟಿ ಬರಲಿಲ್ಲ. ಅಂಥೂಲಳ ಮದುವೆ ನಿಶ್ಚಯವಾಗಿತ್ತು. ಮಕ್ಕಳಿಲ್ಲದ ಲೂಕಿಯಾಳಿಗೆ ಆ ಹುಡುಗಿಯೇ ಜೀವ. ಕರೆ ಬರುತ್ತದೋ ಇಲ್ಲವೋ ಎಂದು ಅವಳು ಸೊರಗುವುದನ್ನು ನೋಡಿ ನನಗೆ ಝೆನೋನನ ಮೇಲೆ ಸಿಟ್ಟು ಬರುತ್ತಿತ್ತು.

ಕಡೆಗೆ ಹುಡುಗಿಯೇ ಬಂದಳು. "ನೂನಾ, ನೀವು ಬರದೆ ಮದುವೆ ಹಾಸಿಗೆ ಹೊಲಿಯೋಕೆ ಬಿಡಲ್ಲ ಅಂತ ಅಪ್ಪಂಗೆ ಹೇಳಿದೀನಿ."

ಹೋದೆವು. ಊಟ ಬಿಡುವವನು ನಾನಲ್ಲ. ಮದುಮಕ್ಕಳ ಹೊಸ ಮನೆಯಲ್ಲಿ ಹೆಂಗಸರು ನಮ್ಮ ಶಾಸ್ತ್ರದಂತೆ ಹಾಡುತ್ತ ಅವರ ಹಾಸಿಗೆ ಹೊಲಿಯುತ್ತಿದ್ದರೆ, ಝೆನೋನ ನಮ್ಮನ್ನು ತಾರಸಿಗೆ ಕರೆದೊಯ್ದ. ಅಲ್ಲಿ ಅದೇ ನೀಲಿ ಮಣಿಯ ಪ್ಯಾನೆಲ್! ನಲ್ಲಿ ಜೋಡಿಸುವುದು ಇನ್ನೂ ಬಾಕಿ, ಬೆಳಗಿನಿಂದ ನೀರಿಲ್ಲದೆ ಬಿಸಿಲಲ್ಲಿ ಕಾಯುತ್ತಿತ್ತು.

"ಇದು ನಿಂಗೆ ತೋರಿಸೋಕೆ ಇಟ್ಟಿದ್ದಲ್ಲ. ಮಗಳಿಗೆ ಅಂತ ನಾನೇ ಕೈಯಾರೆ ಮಾಡಿದ್ದು," ಎಂದ. "ನೀನು ನನ್ನನ್ನ ಮೋಸಗಾರ ಅಂದ್ಕೊಂಡೆ."

"ಅಂದ್ಕೊಂಡೆ. ತಪ್ಪು ನಂದೇ," ಎಂದಳು ಲೂಕಿಯಾ. ಆದರೆ ಅವಳ ಕಣ್ಣು ಪ್ಯಾನೆಲಿನ ಮೂಲೆ ಬಿಟ್ಟು ಕದಲಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ಝೆನೋನ ಅದನ್ನು ಕಂಡು, ಗಿಡಕ್ಕೆ ನೀರು ಹಾಯಿಸುವ ಪೈಪನ್ನು ತಾನೇ ತಂದು ನನ್ನ ಕೈಗಿಟ್ಟ. ನೋಡೇಬಿಡೋಣ ಎಂದ. ನಾನು ನೀರು ಬಿಟ್ಟೆ. ಸ್ವಲ್ಪ ಹೊತ್ತಿಗೆ ಗಾಜಿನ ಒಳಗೆ, ಅದೇ ಮೂಲೆಯಲ್ಲಿ, ಒಂದು ಹನಿ ಇಳಿಯಿತು. ಅದರ ಹಿಂದೆಯೇ ಇನ್ನೊಂದು.

ಝೆನೋನ ಅಲ್ಲೇ ಕುಸಿದು ಕೂತ. ಕೆಳಗೆ ಹಾಡು ನಡೆದೇ ಇತ್ತು.

"ಆ ಹೊಸ ಆಳು ಹುಡುಗನ್ನ ಸುಮ್ನೆ ಬೈದೆ, ಕುಮೇರಾ. ಮೂಲೇಲಿ ರಬ್ಬರ್ ಹೀಗೆ ಕತ್ತರಿಸು ಅಂತ ಅವನಿಗೆ ಕಲಿಸಿದ್ದೇ ನಾನು."

ಲೂಕಿಯಾ ಅವನ ಪಕ್ಕದಲ್ಲಿ ಬಿಸಿ ಗಾರೆಯ ಮೇಲೆಯೇ ಕೂತಳು.

"ಹೇಳೋದೆಲ್ಲ ಹೇಳಿ ಆಯ್ತು. ಈಗ ಒಂದು ಕಾಫಿ ಕೊಡ್ಸು," ಎಂದಳು.